ಗೀರಪ್ಪನವರು

ಗೀರಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಮುಂಬಯಿಯ ಫೋರ್ಟಿನಲ್ಲಿ, ಬಲ್ಲಾರ್ಡ್ ಎಸ್ಟೇಟಿನ ಬೆನ್ನಿಗಿರುವ ಒಂದು ಗಲ್ಲಿಯಲ್ಲಿ ಕಾರು ತೊಳೆದು, ಉಜ್ಜಿ, ಹೊಳಪು ಕೊಟ್ಟು ಕಳಿಸುವ ಶೆಟ್ರು ಇಟ್ಟದ್ದು. ಅದೂ ಒಬ್ಬರಿಗೆ ಮೀಸಲಾದ ಹೆಸರಲ್ಲ. ಗುಜರಾತಿ ಗೀರಪ್ಪ ಇದ್ದಾರೆ, ಪಾರ್ಸಿ ಗೀರಪ್ಪ ಇದ್ದಾರೆ, ಕರಿಕೋಟು ತೊಟ್ಟು ಹೈಕೋರ್ಟಿನಿಂದ ನೇರ ಬರುವ ಗೀರಪ್ಪನವರಂತೂ ವಾರಕ್ಕೊಬ್ಬರು. ಗಲ್ಲಿಯ ತುದಿಯಲ್ಲಿ ಇವರ ತಲೆ ಕಂಡರೆ ಶೆಟ್ರು ಒಳಗೆ ತಿರುಗಿ ತುಳುವಿನಲ್ಲಿ "ಗೀರಪ್ಪೆರ್ ಬತ್ತೆರ್" ಎನ್ನುತ್ತಾರೆ. ಕೆಲಸಕ್ಕಿರುವ ಹುಡುಗ ಗೋರಖ್‌ಪುರದವನು. ಅವನಿಗೆ ತುಳುವಿನಲ್ಲಿ ಅರ್ಥವಾಗುವುದು ಇದೊಂದೇ ವಾಕ್ಯ. ಅದು ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದ ಪೈಪು ಬಿಟ್ಟು ಮೊಬೈಲು ಹಿಡಿದು ವಿಡಿಯೊ ಶುರುಮಾಡುತ್ತಾನೆ.

ಉಳಿದ ಗಿರಾಕಿಗಳು ಸಂಜೆ ಕಾರು ಒಯ್ಯಲು ಬಂದರೆ ದುಡ್ಡು ಕೊಟ್ಟು, ಕೀಲಿ ಇಸಕೊಂಡು, ಫ್ರೀವೇ ಹಿಡಿದು ಹೋಗಿಬಿಡುತ್ತಾರೆ. ಗೀರಪ್ಪನವರು ಕೀಲಿ ಮುಟ್ಟುವುದಿಲ್ಲ. ಎರಡೂ ಕೈ ಬೆನ್ನಿಗೆ ಕಟ್ಟಿ ಪ್ರದಕ್ಷಿಣೆಗೆ ಹೊರಡುತ್ತಾರೆ. ಮೊದಲನೇ ಸುತ್ತು ಸುಮ್ಮನೆ. ಎರಡನೇ ಸುತ್ತಿನಲ್ಲಿ ಕನ್ನಡಕ ಹಣೆಗೇರುತ್ತದೆ, ಸೊಂಟ ಬಾಗುತ್ತದೆ, ಒಂದು ಕಣ್ಣು ಮುಚ್ಚುತ್ತದೆ. ಮೂರನೆಯದರ ನಡುವೆ ಎಲ್ಲೋ ಕಾಲು ನಿಲ್ಲುತ್ತದೆ. ತೋರುಬೆರಳಿಗೆ ಎಂಜಲು ಹಚ್ಚಿ ಒಂದು ಜಾಗ ಉಜ್ಜುತ್ತಾರೆ. ಬೆರಳು ನೋಡಿಕೊಳ್ಳುತ್ತಾರೆ. ಮತ್ತೆ ಉಜ್ಜುತ್ತಾರೆ. ಆಮೇಲೆ ತಲೆ ಎತ್ತದೆಯೇ, ದನಿಯನ್ನೂ ಏರಿಸದೆ ಕೇಳುತ್ತಾರೆ: "ಇದೇನು?"

ಈ 'ಇದೇನು'ವಿನಲ್ಲಿ ದೂರು, ಸಾಕ್ಷ್ಯ, ತೀರ್ಪು ಮೂರೂ ಮುಗಿದಿರುತ್ತವೆ. ಬಾಕಿ ಇರುವುದು ವಸೂಲಿ ಮಾತ್ರ.

ನನಗೆ ಕಾರಿಲ್ಲ. ವಿ.ಟಿ.ಯಿಂದ ಲೋಕಲ್ ಹಿಡಿದು ಬಂದು ಹೋಗುವವನು. (ಅದನ್ನು ಸಿಎಸ್‌ಎಂಟಿ ಎನ್ನಬೇಕೆಂದು ಗೊತ್ತಿದೆ, ಬಾಯಿಗೆ ಇನ್ನೂ ಗೊತ್ತಾಗಿಲ್ಲ.) ಸಂಜೆಯ ಕಟಿಂಗ್ ಚಹಾ ಶೆಟ್ರ ಬಾಗಿಲಲ್ಲೇ ಆಗುವುದರಿಂದ ಈ ಪ್ರದಕ್ಷಿಣೆಗಳನ್ನು ಪಕ್ಷಪಾತವಿಲ್ಲದೆ ನೋಡುವ ಭಾಗ್ಯ ನನ್ನದಾಗಿದೆ. ಹೀಗೆ ನೋಡಿ ನೋಡಿ ಒಂದು ವಿಷಯ ಖಾತ್ರಿಯಾಗಿದೆ. ಗೀರಪ್ಪನವರು ತಮ್ಮ ಕಾರನ್ನು ಕಣ್ಣಿಟ್ಟು ನೋಡುವುದೇ ವರ್ಷಕ್ಕೊಮ್ಮೆ, ಅದು ತೊಳೆದು ನಿಂತ ದಿನ. ಮಿಕ್ಕ ದಿನ ಅವರಿಗೆ ಕಾಣುವುದು ಸ್ಟಿಯರಿಂಗು, ಎದುರಿನ ಬೆಸ್ಟ್ ಬಸ್ಸಿನ ಹಿಂಭಾಗ, ಮೊಬೈಲಿನ ಮ್ಯಾಪು ಇಷ್ಟೇ. ಈ ಊರಿನಲ್ಲಿ ನಿಂತ ಕಾರಿನ ಮೇಲೆ ಸಮುದ್ರದ ಉಪ್ಪುಗಾಳಿ ಅಂಟು ಹಾಸುತ್ತದೆ, ಅದರ ಮೇಲೆ ಮೆಟ್ರೊ ಅಗೆದ ಧೂಳು, ಕಟ್ಟಡ ಕೆಡವಿದ ಧೂಳು, ಯಾವ ಬಾಬಿನದೆಂದು ಹೇಳಲಾಗದ ಧೂಳು ಕೂರುತ್ತದೆ. ಜಿಪಿಒ ಎದುರಿನ ಕಬೂತರ್‌ಖಾನೆಯ ಪಾರಿವಾಳಗಳು ಬಂದು ಮೇಲಿಂದ ಮುದ್ರೆ ಒತ್ತುತ್ತವೆ. ಹಿಕ್ಕೆಯಲ್ಲಿ ಆಮ್ಲವೂ ಇದೆ, ಮರಳೂ ಇದೆ. ಬಿಸಿಲಿಗೆ ಒಣಗಿತೋ, ಬಣ್ಣದೊಳಕ್ಕೇ ಇಳಿಯುತ್ತದೆ. 2025ರಲ್ಲಿ ಮಹಾನಗರಪಾಲಿಕೆ ಕಬೂತರ್‌ಖಾನೆಗಳನ್ನು ಮುಚ್ಚಲು ಹೊರಟು ದಾದರಿನಲ್ಲಿ ಗಲಾಟೆಯಾದಾಗ ಶೆಟ್ರು ಯಾರ ಪಕ್ಷ ಎಂದು ಕೇಳಿದ್ದೆ. "ಆರೋಗ್ಯಕ್ಕೆ ಮುಚ್ಚಬೇಕು, ವ್ಯಾಪಾರಕ್ಕೆ ತೆರೀಬೇಕು" ಎಂದು ಕರ್ನಾಟಕ ಮಲ್ಲದ ಪುಟ ತಿರುವಿದ್ದರು.

ಅಂತೂ ವರ್ಷದ ಧೂಳಿನಡಿ ಕಾರಿನ ಪಾಪಗಳೆಲ್ಲ ಹೂತಿರುತ್ತವೆ. ಬೋರಾ ಬಜಾರಿನ ಕೈಗಾಡಿ ಸವರಿದ್ದು, ಬೈಕಿನವನ ಹ್ಯಾಂಡಲ್ಲು ತಾಗಿದ್ದು, ಡಬ್ಬಾವಾಲಾನ ಸೈಕಲ್ಲು ಒರಗಿದ್ದು, ಕಾಲೊನಿಯ ಮಕ್ಕಳು ಬಾನೆಟ್ಟನ್ನೇ ವಿಕೆಟ್ಟು ಮಾಡಿಕೊಂಡಿದ್ದು. ಶೆಟ್ರು ನೀರು ಹೊಯ್ದು ಧೂಳು ತೆಗೆಯುತ್ತಾರೆ, ಗೀರುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಕೊಳಕಿದ್ದಾಗ ಇರಲಿಲ್ಲ, ತೊಳೆದ ಮೇಲೆ ಬಂತು. ಅಂದಮೇಲೆ ತೊಳೆದವನೇ ಮಾಡಿದ್ದು. ಗೀರಪ್ಪನವರ ತರ್ಕಶಾಸ್ತ್ರ ಇಷ್ಟು ನೇರ. ಅದರಲ್ಲಿ ಬಿರುಕು ಹುಡುಕುವುದು ಕಷ್ಟ.

ಶೆಟ್ರು ಕಾರ್ಕಳದ ಕಡೆಯವರು. ಮೀಸೆ ಬರುವ ಮೊದಲೇ ಮುಂಬಯಿಗೆ ಬಂದು, ಹಗಲು ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಇಲ್ಲಿಯ ಕನ್ನಡ ರಾತ್ರಿಶಾಲೆಯಲ್ಲಿ ಬೆಂಚಿನ ಮೇಲೆ ತೂಕಡಿಸಿ ಮೆಟ್ರಿಕ್ ದಾಟಿದವರು. ಆ ಕಾಲದಲ್ಲಿ ಹೋಟೆಲಿನಲ್ಲಿ ಒಂದು ಗ್ಲಾಸು ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರಂತೆ. ನಷ್ಟಪರಿಹಾರದ ಮೊದಲ ಪಾಠ ಅಲ್ಲೇ ಆಯಿತು ಎನ್ನುತ್ತಾರೆ. ಆಮೇಲೆ ಹಾರ್ನಿಮನ್ ಸರ್ಕಲ್ಲಿನ ಬಳಿ ಬೆಳಿಗ್ಗೆ ಬೆಳಿಗ್ಗೆ ಆಫೀಸಿನವರ ಫಿಯೆಟ್ಟುಗಳನ್ನು ಬಕೆಟ್ಟು, ಬನಿಯನ್ ಚಿಂದಿ ಹಿಡಿದು ತೊಳೆಯತೊಡಗಿದರು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಗಳ ಕಾಲ ಅದು. "ಆ ಗಾಡಿಗೆ ಎಂತ ಗೀರು ಮಾರಾಯ್ರೆ! ಗೋಡೆಗೆ ತಾಗಿದ್ರೆ ಯಜಮಾನ್ರು ಇಳಿದು ಗೋಡೆಗೆ ಪೆಟ್ಟಾಯ್ತಾ ಅಂತ ನೋಡ್ತಿದ್ರು" ಎಂಬುದು ಅವರ ನೆನಪು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಅದರ ಜೊತೆ ಗೀರನ್ನು ಗೀರೆಂದೇ ಒಪ್ಪಿಕೊಳ್ಳುವ ಕಾಲವೂ ಇಳಿದು ಹೋಯಿತೆಂದು ಶೆಟ್ರ ಅಂಬೋಣ.

ಈಗಿನ ಕಾರಿನ ಬಣ್ಣದ ಕಥೆ ಬೇರೆ. ತಗಡಿನ ಮೇಲಿನ ಎಲ್ಲ ಪದರ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಹೊಳೆಯುವ ಮೇಲಿನ ಕ್ಲಿಯರ್ ಕೋಟು 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಕಾರಿನ ಸಮಸ್ತ ಮರ್ಯಾದೆ ನಿಂತಿರುವುದು ಅಷ್ಟರ ಮೇಲೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು, ಬಿಸಿಲಿನಲ್ಲಿ ಜೇಡರ ಬಲೆಯ ಹಾಗೆ ಗೆರೆಗಳು ಕಾಣುತ್ತವೆ. ಪಾಲಿಷ್ ಮಾಡುವುದೆಂದರೆ ಆ ತೆಳು ಪದರವನ್ನೇ ಇನ್ನಷ್ಟು ತೆಳು ಮಾಡಿ ಗೆರೆ ಅಡಗಿಸುವುದು. ಆದ್ದರಿಂದ ಒಂದೇ ಕಾರಿಗೆ ಎಷ್ಟು ಸಲ ಬೇಕಾದರೂ ಮಾಡುವ ಹಾಗಿಲ್ಲ. ಉಗುರು ಅಡ್ಡ ಎಳೆದು ನೋಡಬೇಕು. ಉಗುರು ಜಾರಿದರೆ ಗೀರು ಪಾಲಿಷಿಗೆ ಹೋಗುತ್ತದೆ, ಸಿಕ್ಕಿಕೊಂಡರೆ ಬಣ್ಣ ಹೊಡೆಯಲೇಬೇಕು. ಶೆಟ್ರು ಹೆಬ್ಬೆರಳಿನ ಉಗುರನ್ನು ಇದಕ್ಕೆಂದೇ ಬಿಟ್ಟಿದ್ದಾರೆ.

ಗೀರಪ್ಪನವರಿಗೆ ಇದನ್ನೆಲ್ಲ ಹೇಳಿದರೆ "ಹಾಗಾದರೆ ಸೆರಾಮಿಕ್ ಕೋಟಿಂಗ್ ಯಾಕೆ ಹಾಕಿಸಿದ್ದು? 9ಎಚ್ ಅಂದಿದ್ರಲ್ಲ?" ಎಂದು ತಿರುಗಿ ಬೀಳುತ್ತಾರೆ. 9ಎಚ್ ಎನ್ನುವುದು ಪೆನ್ಸಿಲಿನ ಗಟ್ಟಿತನದ ಅಳತೆ. ಅಷ್ಟು ಗಟ್ಟಿ ಪೆನ್ಸಿಲಿನಿಂದ ಗೀಚಿದರೆ ಗೀರಾಗಲಿಕ್ಕಿಲ್ಲ ಎಂದಷ್ಟೇ ಅದರ ಭರವಸೆ. ಆದರೆ ಮುಂಬಯಿಯಲ್ಲಿ ಯಾರೂ ಪೆನ್ಸಿಲು ಹಿಡಿದು ಕಾರಿನ ಮೇಲೆ ಬೀಳುವುದಿಲ್ಲ, ಕೀಲಿಗೊಂಚಲು ಹಿಡಿದು ಬೀಳುತ್ತಾರೆ.

ಇಂಥವರ ನಡುವೆ ಅಂಗಡಿ ನಡೆಸಲು ಶೆಟ್ರು ಕಟ್ಟಿಕೊಂಡ ವಿಧಿವಿಧಾನ ನೋಡಬೇಕು. ಬೆಳಿಗ್ಗೆ ಕಾರು ಬಂದ ಕೂಡಲೇ ನೀರಲ್ಲ, ಪಂಚನಾಮೆ. ಹುಡುಗ ನಾಲ್ಕೂ ದಿಕ್ಕಿನಿಂದ ವಿಡಿಯೊ ತೆಗೆಯುತ್ತಾನೆ, ಟಾರ್ಚು ಬಿಟ್ಟು ಗೀರಿದ್ದಲ್ಲೆಲ್ಲ ನೀಲಿ ಟೇಪು ಅಂಟಿಸುತ್ತಾನೆ. ಕಾರಿನ ಚಿತ್ರ ಅಚ್ಚಾದ ಕಾರ್ಡೊಂದಿದೆ. ಎಲ್ಲೆಲ್ಲಿ ಏನೇನಿದೆ ಎಂದು ಅದರಲ್ಲಿ ಗುರುತು ಹಾಕಿ ಗಿರಾಕಿಯ ಸಹಿ ತಗೊಳ್ಳುತ್ತಾರೆ. ಗೀರಪ್ಪನವರು ಬೆಳಿಗ್ಗೆ ಆ ಕಾರ್ಡನ್ನು ಓದಿದ್ದು ಇಂದಿನವರೆಗೆ ನಡೆದಿಲ್ಲ. ಗಡಿಬಿಡಿ, ಒಂಬತ್ತೂವರೆಯ ಪಂಚಿಂಗು. "ನಿಮ್ಮ ಮೇಲೆ ನಂಬಿಕೆ ಇದೆ, ಕೊಡಿ ಇಲ್ಲಿ" ಎಂದು ಸಹಿ ಗೀಚಿ ಓಡುತ್ತಾರೆ. ಅದೇ ಮನುಷ್ಯ ಸಂಜೆ ಬರುವಾಗ ಆ ನಂಬಿಕೆಯನ್ನು ಆಫೀಸಿನಲ್ಲೇ ಮರೆತು ಬಂದಿರುತ್ತಾರೆ.

ಮೊದಲು ಅಂಗಡಿಯಲ್ಲಿ ಒಂದು ಬೋರ್ಡಿತ್ತು: 'ವಾಹನಗಳು ಮಾಲೀಕರ ಜವಾಬ್ದಾರಿಯಲ್ಲಿ' ಎಂದು ಮೂರು ಭಾಷೆಯಲ್ಲಿ. ಕರಿಕೋಟಿನ ಗೀರಪ್ಪನವರೊಬ್ಬರು ಅದನ್ನು ಓದಿ ಮೆಲ್ಲಗೆ ನಕ್ಕರು. ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ ವ್ಯಾಲೆ ಪಾರ್ಕಿಂಗಿಗೆ ಕೊಟ್ಟ ಮಾರುತಿ ಝೆನ್ ಒಂದು 1998ರಲ್ಲಿ ಕಳುವಾದದ್ದು, ಟೋಕನ್ನಿನ ಮೇಲೆ ಮಾಲೀಕರದೇ ಹೊಣೆ ಎಂದು ಅಚ್ಚು ಹಾಕಿಸಿದ್ದರೂ ಸ್ವಂತ ಅಲಕ್ಷ್ಯದಿಂದ ಹೋಟೆಲು ಜಾರಿಕೊಳ್ಳುವಂತಿಲ್ಲ ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಎಲ್ಲವನ್ನೂ ಚಹಾ ಆರುವ ಮೊದಲೇ ವಿವರಿಸಿದರು. 1872ರ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ, ಒಪ್ಪಿಸಿಕೊಂಡ ವಸ್ತುವನ್ನು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನದಿಂದ ನೋಡಿಕೊಳ್ಳಬೇಕೆಂದೂ ಸೇರಿಸಿದರು. ಅವರದೇ ಕಾರಿನ ಹಿಂದಿನ ಸೀಟಿನಡಿಯಿಂದ ಅಂದು ಬೆಳಿಗ್ಗೆ ಬೂಸಲು ಹಿಡಿದ ವಡಾಪಾವ್ ಒಂದನ್ನು ಹುಡುಗ ತೆಗೆದಿದ್ದ. ಶೆಟ್ರು ಅದನ್ನು ನೆನಪಿಸಲಿಲ್ಲ. ಮರುದಿನ ಬೋರ್ಡು ಇಳಿಸಿ, ಹಿಂದು ಮುಂದು ಮಾಡಿ, ಅದರ ಬೆನ್ನಿಗೆ ರೇಟು ಬರೆಸಿದರು. ಬೋರ್ಡಿನ ದುಡ್ಡಾದರೂ ಉಳಿಯಿತು.

ಸೀಟಿನಡಿಯ ಮಾತು ಬಂತು ನೋಡಿ. ಹೊರಗಿನ ಗೀರಿಗಿಂತ ಒಳಗೆ ಸಿಗುವ ಸಾಮಾನೇ ಅಪಾಯದ್ದು ಎನ್ನುತ್ತಾರೆ ಶೆಟ್ರು. ಡ್ಯಾಶ್‌ಬೋರ್ಡಿನ ಗಣಪತಿಯ ದಂತ ಮುರಿದಿದೆ ಎಂದು ಒಬ್ಬರು ಜಗಳಕ್ಕೆ ನಿಂತರು. ಅವನು ಏಕದಂತನೇ ಎಂದು ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು. ಚಿಲ್ಲರೆ ಕಾಸು ಕಡಿಮೆಯಾಗಿದೆ ಎನ್ನುವವರಿದ್ದಾರೆ, ಎಣಿಸಿಟ್ಟಿದ್ದೆ ಎನ್ನುತ್ತಾರೆ. ಒಂಟಿ ಕಿವಿಯೋಲೆ ಸಿಕ್ಕರಂತೂ ಶೆಟ್ರು ಲಕೋಟೆಯಲ್ಲಿ ಹಾಕಿ ಅಂಟಿಸಿ, ಹೆಂಡತಿ ಜೊತೆಗಿಲ್ಲದ ಹೊತ್ತು ನೋಡಿ ಯಜಮಾನರ ಕೈಗೆ ಕೊಡುತ್ತಾರೆ. ಅಂಥ ದಿನ ಆ ಯಜಮಾನರು ಗೀರು ಹುಡುಕುವುದಿಲ್ಲ.

ಡ್ರೈವರುಗಳದ್ದು ಇನ್ನೊಂದು ಶಾಖೆ. ಸಾಹೇಬರು ಆಫೀಸಿನೊಳಗೆ, ಡ್ರೈವರು ಹೊರಗೆ ಸೀಟು ಮಲಗಿಸಿ ಕಿಟಕಿಯಿಂದ ಎರಡೂ ಪಾದ ಹೊರಚಾಚಿ ನಿದ್ದೆ. ಫೋರ್ಟಿನ ಮಧ್ಯಾಹ್ನದಲ್ಲಿ ಈ ಪಾದಗಳ ಸಾಲು ನೋಡದವರಿಲ್ಲ. ಎಲ್ಲೋ ಗಾಡಿ ಉಜ್ಜಿಕೊಂಡಿತೆನ್ನಿ, ಜಾಣ ಡ್ರೈವರು ಸಾಹೇಬರಿಗೆ ಹೇಳುವ ಮೊದಲು ಕಾರನ್ನು ಶೆಟ್ರಲ್ಲಿಗೆ ತರುತ್ತಾನೆ. ತೊಳೆಯಲು ಅಲ್ಲ, ತಪ್ಪು ಇಳಿಸಿ ಹೋಗಲು. ಹುಡುಗನ ಟಾರ್ಚು ಆ ಗೀರಿನ ಮೇಲೆ ಬಿದ್ದ ಕ್ಷಣ ಅವನ ಮುಖ ಬಾಡುತ್ತದೆ. ಶೆಟ್ರಿಗೆ ಇವರ ಮೇಲೆ ಸಿಟ್ಟಿಲ್ಲ. "ಅವನ ಸಂಬಳದ್ದು ಮಾತು, ಅದು ಬೇರೆ" ಎಂದು ಪಾಲಿಷಿನಲ್ಲಿ ಹೋಗುವಂಥದ್ದಾದರೆ ಸದ್ದಿಲ್ಲದೆ ತೆಗೆದುಕೊಡುತ್ತಾರೆ.

ಸಿಟ್ಟು ಬರುವುದು ವಿಮೆ ಇದ್ದೂ ಮುಟ್ಟದವರ ಮೇಲೆ. ಐದು ವರ್ಷ ಒಂದೂ ಕ್ಲೇಮು ಮಾಡದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 50 ರಿಯಾಯಿತಿ ಸಿಗುತ್ತದೆ. ಒಂದು ಬಾಗಿಲಿಗೆ ಬಣ್ಣ ಹೊಡೆಸಲು ಹೋಗಿ ಕ್ಲೇಮು ಹಾಕಿದರೆ ಸಾಮಾನ್ಯವಾಗಿ ಅದಷ್ಟೂ ಸೊನ್ನೆಗಿಳಿಯುತ್ತದೆ, ಮೇಲೆ ಸಣ್ಣ ಕಾರಿಗಾದರೂ ಮೊದಲ ಸಾವಿರ ರೂಪಾಯಿ ಕೈಯಿಂದಲೇ ಹೋಗಬೇಕು. ಲೆಕ್ಕ ಬಲ್ಲ ಗೀರಪ್ಪನವರು ಹೀಗಾಗಿ ವಿಮಾ ಕಂಪನಿಯ ತಂಟೆಗೆ ಹೋಗುವುದಿಲ್ಲ. ಕಂಪನಿಗೆ ಸರ್ವೇಯರು ಇದ್ದಾರೆ, ಫಾರಮ್ಮಿದೆ, ನಿಯಮವಿದೆ. ಶೆಟ್ರಿಗೆ ಇರುವುದು ಒಂದು ಬಕೆಟ್ಟು.

ಈ ಜಾತಿಯ ಅಪ್ಪಟ ಮಾದರಿಯೊಬ್ಬರು ಒಮ್ಮೆ ಆಯುಧಪೂಜೆಯ ಹಿಂದಿನ ದಿನ ಬಂದರು. ಆಯುಧಪೂಜೆಯೆಂದರೆ ಶೆಟ್ರಿಗೆ ಸುಗ್ಗಿ. ಮುಂಬಯಿಯ ಕನ್ನಡದವರ ಕಾರುಗಳೆಲ್ಲ ಸಾಲುಗಟ್ಟುತ್ತವೆ, ಒಳಗೆ ಜಾಗ ಸಾಲದೆ ಗಲ್ಲಿಯುದ್ದಕ್ಕೂ ನಿಲ್ಲುತ್ತವೆ. ಇವರು ಧಾರವಾಡದ ಕಡೆಯವರು, ಫೋರ್ಟಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರು ಸೇರಿದ್ದ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಬೋರ್ಡು ಬದಲಾದರೂ ಅವರ ಮುಖದ ಮೇಲಿನ ಬ್ಯಾಂಕು ಬದಲಾಗಿರಲಿಲ್ಲ. ಮನೆ ಠಾಣೆಯ ಘೋಡ್‌ಬಂದರ್ ರೋಡಿನ ಟವರಿನಲ್ಲಿ. ಅಲ್ಲೇ ಮನೆ ಮುಂದೆ ಕಾರು ತೊಳೆಯುವ ಅಂಗಡಿಗಳಿದ್ದರೂ ಇಷ್ಟು ದೂರ ತಂದದ್ದೇಕೆ ಎಂದರೆ, "ನಮ್ಮವರು ಅಂತ ಬಂದೇವಿ ನೋಡ್ರಿ. ಕನ್ನಡದಾಗ ಮಾತಾಡಿ ಕೊಟ್ಟರ ಮನಸಿಗೆ ಸಮಾಧಾನ" ಎಂದು ಬೆಳಿಗ್ಗೆ ಹೇಳಿ ಹೋಗಿದ್ದರು. ಕಾರ್ಡಿಗೆ ಸಹಿಯನ್ನೂ ಹಾಕಿದ್ದರು. ನೋಡಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಸಂಜೆ ಮೂರನೇ ಸುತ್ತಿನಲ್ಲಿ ಎಡಗಡೆಯ ಹಿಂದಿನ ಬಾಗಿಲಿನ ಬಳಿ ಕಾಲು ನಿಂತಿತು.

"ಏನ್ರೀ ಶೆಟ್ರ ಇದು?"

ಮೊಣಕಾಲೆತ್ತರದಲ್ಲಿ ಒಂದು ಗೇಣುದ್ದದ ಗೀರು. ಅದರ ಮೇಲ್ಗಡೆ, ಹಿಂದಿನ ಚಕ್ರದ ಕಮಾನಿನ ಹತ್ತಿರ ಇನ್ನೊಂದು, ಸ್ವಲ್ಪ ಚಿಕ್ಕದು.

"ಬೆಳಿಗ್ಗೆಯೇ ಇತ್ತು ಸಾರ್, ಎರಡೂ. ವಿಡಿಯೊ ತೋರಿಸ್ತೇನೆ."

ವಿಡಿಯೊ ನೋಡಿದರು. ಹಿಗ್ಗಿಸಿ ನೋಡಿದರು. "ಇದು ಧೂಳಿನ ಗೆರೀರಿ. ಮತ್ತ ಈ ವಿಡಿಯೊ ನಿಮ್ಮ ಮೊಬೈಲಿಂದು. ಸಾಲಾ ತಗೊಂಡವನ ಬಾಯಿ ಮಾತು ಕೇಳಿ ನಾ ಎಂದಾದರೂ ಬ್ಯಾಲೆನ್ಸ್ ಬರದೀನೇನು?"

"ಕಾರ್ಡಿನಲ್ಲಿ ನಿಮ್ಮ ಸಹಿ ಉಂಟಲ್ಲ ಸಾರ್?"

"ಸಹಿ ನಂದ. ಆದರ ಗುರುತು ನೀವು ಆಮ್ಯಾಲೆ ಹಾಕೀರಿ." ಮೂವತ್ತು ವರ್ಷ ಖಾಲಿ ಜಾಗಕ್ಕೆ ಸಹಿ ಮಾಡಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳಿದ ಬಾಯಿ ಅದು. ಬೆಳಿಗ್ಗೆಯ 'ನಮ್ಮವರು' ಇಷ್ಟು ಹೊತ್ತಿಗೆ 'ನೀವು ಮಂಗಳೂರಿನ ಮಂದಿ' ಆಗಿದ್ದರು.

ಶೆಟ್ರು ವಾದಕ್ಕೆ ಹೋಗಲಿಲ್ಲ. ಕ್ಲೇಮಿನ ಮಾತು ಬಂದಾಗ ಅವರು ಮೊದಲು ಮಾಡುವುದು ಎರಡು ಕೆಲಸ: ಕುರ್ಚಿ ಹಾಕುವುದು, ಚಹಾ ತರಿಸುವುದು. ನಿಂತವರ ದನಿ ಏರುತ್ತದೆ, ಕೂತವರದು ಅಷ್ಟಾಗಿ ಏರುವುದಿಲ್ಲ. ಬಾಯಲ್ಲಿ ಬಿಸಿ ಚಹಾ ಇರುವಾಗ ಪೊಲೀಸು ಎನ್ನುವುದು ಕಷ್ಟ. ಅವರು ಕುಡಿಯುತ್ತಿದ್ದಂತೆ ಶೆಟ್ರು ಬಿಳಿ ಬಟ್ಟೆಗೆ ಚೂರು ಕಾಂಪೌಂಡು ಹಚ್ಚಿ ಕೆಳಗಿನ ಗೀರಿನ ಮೇಲೆ ನಾಲ್ಕು ಸಲ ಉಜ್ಜಿದರು. ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹಳದಿ. ಅಂಚಿನಲ್ಲಿ ಒಂಚೂರು ಕಪ್ಪು.

ಗೀರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಸಿಕ್ಕಿತಲ್ಲ! ಹಳದಿ, ಕರಿ! ಟ್ಯಾಕ್ಸಿರೀ ಇದು! ನಿಮ್ಮ ಹುಡುಗ ನನ್ನ ಗಾಡಿ ಹೊರಗ ಒಯ್ದು ಟ್ಯಾಕ್ಸಿಗೆ ಗುದ್ದಿಸ್ಯಾನ! ಕಾಲಿಪೀಲಿ!"

ಗಲ್ಲಿಯ ಪಾನ್‌ವಾಲಾ, ಇಸ್ತ್ರಿಯವನು, ಪೇ ಎಂಡ್ ಪಾರ್ಕಿನ ರಸೀದಿಯವನು ಎಲ್ಲ ಕೂಡಿದರು. ಸಾಕ್ಷ್ಯ ಬಿಗಿಯಾಗಿತ್ತು. ಹುಡುಗನ ಮುಖ ಸುಣ್ಣವಾಯಿತು. ನನಗೂ ಒಂದು ಗಳಿಗೆ ಅನುಮಾನ ಬಂತು.

ಶೆಟ್ರು ಮೊಳಕಾಲೂರಿ ಕೂತು, ಗೀರಿನ ಎತ್ತರಕ್ಕೆ ಅಂಗೈ ಹಿಡಿದು, ಗಲ್ಲಿಯ ಆಚೆ ಸಿಗ್ನಲ್ಲಿಗೆ ನಿಂತಿದ್ದ ಟ್ಯಾಕ್ಸಿಯನ್ನು ತೋರಿಸಿದರು. "ಸಾರ್, ಆ ಟ್ಯಾಕ್ಸಿ ನೋಡಿ. ಮೈ ಇಡೀ ಕಪ್ಪು. ಹಳದಿ ಇರೋದು ಮಾಡಿಗೆ ಮಾತ್ರ. ಅದರ ಮಾಡು ನಿಮ್ಮ ಬಾಗಿಲಿನ ಇಲ್ಲಿಗೆ ತಾಗಬೇಕಾದ್ರೆ ಒಂದೋ ಟ್ಯಾಕ್ಸಿ ಅಡ್ಡ ಬೀಳಬೇಕು, ಇಲ್ಲ ನಿಮ್ಮ ಗಾಡಿ ಆಕಾಶದಲ್ಲಿ ಹೋಗಬೇಕು."

ಎಲ್ಲರೂ ಟ್ಯಾಕ್ಸಿ ನೋಡಿದರು. ದಿನಕ್ಕೆ ನೂರು ಸಲ ಕಣ್ಣೆದುರು ಹಾಯುವ ವಸ್ತುವನ್ನು ಫೋರ್ಟಿನ ಜನ ಅಂದೇ ಮೊದಲ ಸಲ ನೋಡಿದ ಹಾಗಿತ್ತು. ಪಾನ್‌ವಾಲಾ "ಬರೋಬರ್" ಎಂದ.

"ಹಂಗಾರ ಇದು ಯಾತರದ ಹಳದಿ?"

"ಅದನ್ನೇ ಕೇಳುವ ಅಂತಿದ್ದೆ. ನಿಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಕಂಬಗಳಿಗೆ ಎಂತ ಬಣ್ಣ ಹೊಡೆದಿದ್ದಾರೆ ಸಾರ್?"

ಗೀರಪ್ಪನವರು ಆರಿದ ಚಹಾವನ್ನು ಮತ್ತೆ ಬಾಯಿಗೆತ್ತಿದರು. "ಕಂಬ ಎಲ್ಲಾ ಕಡೆ ಇರ್ತಾವ್ರಿ" ಎಂದರು. ಕಂಬದ ಮಾತೆತ್ತಿದಾಗ ಅವರ ಎಡಗೈ ತನ್ನಿಂತಾನೇ ಬಾಗಿಲಿನ ಗೀರನ್ನು ಮುಚ್ಚಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದನ್ನು ಕಣ್ಣಾರೆ ಕಂಡದ್ದು ಆಗಲೇ. ನಾಳೆ ಆಯುಧಪೂಜೆಗೆ ಇದೇ ಕಾರಿನ ಮುಂದೆ ಒಡೆಯುವ ಕುಂಬಳಕಾಯಿಯೂ ಹಿಂದಿನ ಸೀಟಿನಲ್ಲೇ ಕೂತಿತ್ತು.

ಜನ ಚದುರಿದ ಮೇಲೆ ಅವರು ಶೆಟ್ರ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದೊಯ್ದರು. ನಾನು ಬಾಗಿಲಲ್ಲೇ ಇದ್ದೆ; ಬ್ಯಾಂಕಿನವರ ಪಿಸುಮಾತು ಕೌಂಟರು ದಾಟಿ ಕೇಳುತ್ತದೆ.

"ಶೆಟ್ರ, ನೀವು ನಮ್ಮವರು. ಅದಕ್ಕ ಹೇಳ್ತೀನಿ. ಫ್ಲ್ಯಾಟ್ ತಗೊಳ್ಳೋ ಮುಂದ ಆ ಕಂಬದ ಪಕ್ಕದ ಪಾರ್ಕಿಂಗ್ ಬ್ಯಾಡ ಅಂತ ನಮ್ಮ ಮನಿಯವರು ಹೇಳಿದ್ರು. ನಾ ಕೇಳಲಿಲ್ಲ. ಲಿಫ್ಟಿಗೆ ಹತ್ತರ ಅಂದೆ. ಹೋದ ವಾರ ರಿವರ್ಸ್ ತಗೊಳ್ಳಾಕ ಹೋಗಿ, ಸ್ವಲ್ಪ ಕರ್ ಅಂತು. ಈಗ ಗೊತ್ತಾತು ಅಂದರ ನನಗ ಆ ಮನ್ಯಾಗ ಕಾರಿನ ಕೀಲಿ ಸಿಗೂದಿಲ್ಲ. ತೊಳಿಯೋ ಮುಂದ ಗೀರು ಬಿತ್ತು ಅಂತ ನಿಮ್ಮ ಲೆಟರ್‌ಹೆಡ್ಡಿನ ಮ್ಯಾಲ ಒಂದು ನಾಕ್ ಸಾಲು..."

ಶೆಟ್ರು ಮುಖದ ಒಂದು ಗೆರೆ ಸರಿಸದೆ ಕೇಳಿದರು: "ಸೀಲು ಹಾಕ್ಬೇಕಾ ಸಾರ್?"

ಅವರಿಗೆ ಇದು ಹೊಸತಲ್ಲ. ಕ್ಲೇಮುಗಳಲ್ಲಿ ದುಡ್ಡು ಕೇಳುವವುಗಳಿಗಿಂತ ಕಾಗದ ಕೇಳುವವೇ ಹೆಚ್ಚು ಎಂದು ಆಮೇಲೆ ನನಗೆ ಹೇಳಿದರು. ಅಪ್ಪನ ಕಾರು ತಂದ ಮಗ, ಕಂಪನಿಯ ಕಾರು ತಂದ ಮ್ಯಾನೇಜರು, ಮಾವ ಕೊಟ್ಟ ಕಾರಿನ ಅಳಿಯ, ಎಲ್ಲರಿಗೂ ಬೇಕಾದದ್ದು ಊರಲ್ಲಿ ಒಬ್ಬ ತಪ್ಪಿತಸ್ಥ. ದೊಡ್ಡ ಶೋರೂಮಿನವರು ಕಾಲಿಗೆ ಬಿದ್ದರೂ ತಪ್ಪೊಪ್ಪಿ ಬರೆದುಕೊಡುವುದಿಲ್ಲ. ಶೆಟ್ರು ಬರೆದುಕೊಡುತ್ತಾರೆ. ಬಣ್ಣದ ಖರ್ಚು ಪೂರ್ತಿ ಗಿರಾಕಿಯದು, ಮೇಲೆ ಕಾಗದಕ್ಕೆ ಬೇರೆ ಚಾರ್ಜು. ಅದನ್ನು ರೇಟುಬೋರ್ಡಿನಲ್ಲಿ ಬರೆಸಿಲ್ಲ, ಅಷ್ಟೆ. "ಅಂಗಡಿ ಹೆಸರು ಕೆಡುವುದಿಲ್ಲವೇ?" ಎಂದು ಕೇಳಿದೆ. "ಮನೆಯವರಿಗೆ ಮಾತ್ರ ಕೆಡ್ತದೆ. ಗಾಡಿ ತರೋದು ಮನೆಯವರಲ್ಲ, ಇವರು" ಎಂದರು.

ಹೀಗೆ ಕೆಳಗಿನ ಗೀರು ಇತ್ಯರ್ಥವಾಯಿತು. 'ದಿನಾಂಕ ಇಂದು ತೊಳೆಯುವಾಗ ಎಡಗಡೆಯ ಹಿಂಬಾಗಿಲಿಗೆ ನಮ್ಮ ಅಜಾಗರೂಕತೆಯಿಂದ ಗೀರು ಬಿದ್ದಿರುತ್ತದೆ' ಎಂದು ರಾತ್ರಿಶಾಲೆಯಲ್ಲಿ ತಿದ್ದಿದ ದುಂಡಕ್ಷರದಲ್ಲಿ ಕಾಗದ ತಯಾರಾಯಿತು. ಸೀಲು ಬಿತ್ತು. ಗೀರಪ್ಪನವರು ಅದನ್ನು ಎರಡು ಸಲ ಓದಿದರು. ಬೆಳಿಗ್ಗೆಯ ಕಾರ್ಡಿಗಿಲ್ಲದ ಶ್ರದ್ಧೆ ಅದಕ್ಕೆ ಸಿಕ್ಕಿತು. ಮಡಚಿ ಕಿಸೆಗಿಟ್ಟು, ಕೀಲಿ ತಗೊಂಡು, ಹೊರಡುವ ಮುನ್ನ ಕಾರಿನ ಹಿಂಭಾಗಕ್ಕೆ ಬಂದು ಮತ್ತೆ ನಿಂತರು.

"ಆದರ ಈ ಮ್ಯಾಲಿಂದು?"

"ಅದೂ ಹಳದಿಯೇ ಸಾರ್. ಅದೇ ಕಂಬ."

"ಇರಬಹುದು. ಆದರ ನಂದಲ್ಲ. ನಾ ತಾಗಿಸಿದ್ದು ಒಂದ ಸಲ. ದೇವರಾಣಿ." ಈ ಸಲ ಅವರ ದನಿಯಲ್ಲಿ ನಿಜದ ನೋವಿತ್ತು. ಮಾಡಿದ್ದನ್ನು ಒಪ್ಪಿಕೊಂಡವನಿಗೆ ಮಾಡದ್ದನ್ನು ಹೊರಿಸಿದರೆ ಆಗುವ ಅವಮಾನ ಅದು. "ಅದು ನಿಮ್ಮ ಹುಡುಗಂದು. ನೀವು ಪುಕ್ಕಟೆ ತಗದು ಕೊಡಬೇಕು. ಇಲ್ಲಾಂದರ ಗ್ರಾಹಕರ ಆಯೋಗ ಐತಿ. ಐದು ಲಕ್ಷದ ತನಕ ಫೀ ಇಲ್ಲ, ಎರಡು ವರ್ಷ ಟೈಮ್ ಐತಿ. ನನಗ ಎಲ್ಲಾ ಗೊತ್ತೈತಿ." ದಸರೆ ಮುಗಿದ ಮೇಲೆ ಬರುತ್ತೇನೆಂದು ಹೊಸ ಕಾರಿನಂತೆ ಹೊಳೆಯುತ್ತಿದ್ದ ಕಾರು ಹತ್ತಿ ಹೋದರು.

ಶೆಟ್ರು ಅಂದು ರಾತ್ರಿ ವಿಡಿಯೊವನ್ನು ನಾಲ್ಕು ಸಲ ಹಾಕಿ ನೋಡಿದರು. ಮೇಲಿನ ಗೀರು ಸ್ಪಷ್ಟ ಇತ್ತು. ಮನುಷ್ಯ ಸುಳ್ಳು ಹೇಳುತ್ತಿಲ್ಲ ಎನ್ನುವುದೂ ಸ್ಪಷ್ಟ ಇತ್ತು. ಕಸುಬಿಗಿಳಿದ ಮೇಲೆ ಇಂಥ ಕೇಸು ಬಂದಿರಲಿಲ್ಲವಂತೆ.

ವಿಜಯದಶಮಿ ಕಳೆದು ಅಂಗಡಿ ತೆರೆದ ದಿನ ಫೋನು ಬಂತು. ಕೈಯೆಲ್ಲ ಪಾಲಿಷಾಗಿದ್ದರಿಂದ ಶೆಟ್ರು ಸ್ಪೀಕರಿಗೆ ಹಾಕಿದರು.

"ಶೆಟ್ಟರೇನ್ರಿ? ನಾವು ಠಾಣೆಯಿಂದ. ಮೊನ್ನೆ ನಮ್ಮ ಯಜಮಾನರು ಗಾಡಿ ತಂದಿದ್ರಲ್ಲ..."

"ಹೌದು ಮೇಡಂ. ಹೇಳಿ."

"ನಿಮ್ಮ ಕಾಗದಾ ತೋರಿಸಿದ್ರು. ಪಾಪ, ನಿಮಗ ಲುಕ್ಸಾನ ಆತು." ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕುಕ್ಕರು ಕೂಗಿತು. "ಅದರಾಗ ಬಾಗಲದ್ದು ಒಂದ ಬರದೀರಿ. ಗಾಲಿ ಮ್ಯಾಲಿಂದು ಬರದಿಲ್ಲ. ಅದು ಏನಾತಂದರ... ಹೋದ ತಿಂಗಳ ಮಗಳನ್ನ ಕ್ಲಾಸಿಗೆ ಬಿಡಾಕ ಹೊಂಟಿದ್ದೆ, ಆ ಸುಡುಗಾಡು ಕಂಬ..."

ಶೆಟ್ರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

"ಅವರಿಗೆ ಹೇಳಬ್ಯಾಡ್ರಿ ಮತ್ತ. ಆ ಕಂಬದ ಸಲುವಾಗಿ ನಾನ ಅವರಿಗೆ ಅಂದೀನಿ. ಅದನೂ ನೀವ ಮಾಡಿದ್ದು ಅಂತ ಅದರಾಗ ಸೇರಿಸಿ ಬರದು ಕೊಟ್ಟರ... ರೊಕ್ಕ ನಾ ಬ್ಯಾರೆ ಕಳಸ್ತೀನಿ, ಇದ ನಂಬರಿಗೆ."

"ಆಯ್ತು ಮೇಡಂ. ಎಂತ ತೊಂದರೆ ಇಲ್ಲ."

ಫೋನಿಟ್ಟು ಅವರು ಲೆಟರ್‌ಹೆಡ್ಡಿನ ಪ್ಯಾಡು ಎಳೆದುಕೊಂಡರು. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತ ಹುಡುಗನಿಗೆ ಕೂಗಿ ಹೇಳಿದರು: "ಊಪರ್‌ವಾಲೇ ಕಾ ಬಿಲ್ ಅಲಗ್ ಬನಾ ರೇ!"